ವಾಕಿಂಗ್, ಜಿಮ್, ಶಟ್ಲ್ ಮುಗಿದ ಮೇಲೆ ಏನು ತಿನ್ನಬೇಕು? ಶುಗರ್ ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನ ಯಾವುದಾದರೂ ದೊಡ್ಡ ಪಾರ್ಕಿನ ಗೇಟಿನ ಹತ್ತಿರ ಬೆಳಗ್ಗೆ ಏಳರ ಹೊತ್ತಿಗೆ ನಿಂತು ನೋಡಿ. ಒಂದು ಕಡೆ ಹಾಗಲಕಾಯಿ, ಬೂದುಗುಂಬಳ, ನೆಲ್ಲಿಕಾಯಿ ಜ್ಯೂಸಿನ ಗಾಡಿ. ರಸ್ತೆಯ ಆಚೆ ದರ್ಶಿನಿ. ಅರ್ಧ ಗಂಟೆ ನಡೆದು ಬಂದವರು ಮೊದಲು ಮುಖ ಕಿವುಚಿಕೊಂಡು ಕಹಿ ಜ್ಯೂಸ್ ಕುಡಿಯುತ್ತಾರೆ. ಆಮೇಲೆ ರಸ್ತೆ ದಾಟಿ ಮಸಾಲೆ ದೋಸೆಗೆ ಟೋಕನ್ ತೆಗೆಸುತ್ತಾರೆ. ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ. ಶುಗರ್ ಏರುತ್ತದೆ ಅನ್ನೋ ಭಯಕ್ಕೆ ಹತ್ತು ಗಂಟೆಯವರೆಗೂ ಏನೂ ತಿನ್ನದೆ ಓಡಾಡುತ್ತಾರೆ, ಬಸ್ಸಿನಲ್ಲಿ ಕೈಕಾಲು ನಡುಗಿ ಬೆವರುತ್ತಾರೆ.

ವ್ಯಾಯಾಮದ ನಂತರ ಏನು ತಿನ್ನಬೇಕು ಅನ್ನೋದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನೀವು ಯಾವ ಔಷಧಿ ತೆಗೆದುಕೊಳ್ಳುತ್ತೀರಿ, ಎಂಥ ವ್ಯಾಯಾಮ ಮಾಡಿದಿರಿ, ಶುಗರ್ ನೋಡುವ ಮೀಟರ್ ಏನು ಹೇಳುತ್ತಿದೆ ಅನ್ನೋದನ್ನು ನೋಡಿ ಆಮೇಲೆ ತಟ್ಟೆಗೆ ಬರಬೇಕು. ನಾನೂ ಅದೇ ಕ್ರಮದಲ್ಲಿ ಹೇಳುತ್ತೇನೆ. ಇದು ಹೆಚ್ಚಾಗಿ ಟೈಪ್ 2 ಡಯಾಬಿಟಿಸ್ ಇರುವವರಿಗೆ. ಟೈಪ್ 1 ಇರುವವರಿಗೆ ಬೇರೆ ಮಾತು ಇರುವ ಕಡೆ ಅಲ್ಲಲ್ಲೇ ಹೇಳಿದ್ದೇನೆ. ಔಷಧಿಯ ಪ್ರಮಾಣವನ್ನು ಮಾತ್ರ ಲೇಖನ ಓದಿ ಬದಲಾಯಿಸಬೇಡಿ, ಅದು ನಿಮ್ಮ ಡಾಕ್ಟರ ಕೆಲಸ.

ಹಂತ 1: ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧಿಗಳ ಹೆಸರು ಇರುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್, ಇವುಗಳಲ್ಲಿ ಯಾವುದಾದರೂ ಇದ್ದರೆ ವ್ಯಾಯಾಮದ ನಂತರ ನಿಮಗೆ ಶುಗರ್ ಲೋ ಆಗುವ ಸಾಧ್ಯತೆ ನಿಜವಾಗಿಯೂ ಇದೆ. ಇವು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡದೆ ಇನ್ಸುಲಿನ್ ಹೊರಡಿಸುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಮೆಟ್‌ಫಾರ್ಮಿನ್ ಮಾತ್ರ ಇದ್ದರೆ, ಅಥವಾ ಅದರ ಜೊತೆ ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್ ಥರದ್ದು ಇದ್ದರೆ ಲೋ ಆಗುವುದು ಅಪರೂಪ.

ನಮ್ಮಲ್ಲಿ ಸುಮಾರು ಜನರಿಗೆ ಸಿಗುವುದು ಎರಡು ಮೂರು ಔಷಧಿ ಸೇರಿದ ಒಂದೇ ಮಾತ್ರೆ. "ನಂದು ಬರೀ ಮೆಟ್‌ಫಾರ್ಮಿನ್" ಅನ್ನುವವರ ಸ್ಟ್ರಿಪ್ ತಿರುಗಿಸಿದರೆ ಒಳಗೆ ಗ್ಲಿಮೆಪಿರೈಡ್ ಇರುವುದು ಬಹಳ ಸಾಮಾನ್ಯ. ಬ್ರ್ಯಾಂಡ್ ಹೆಸರಿನ ಪಕ್ಕದ 1, 2 ಅನ್ನೋ ಅಂಕಿ ಎಷ್ಟೋ ಸಲ ಅದರ ಮಿಲಿಗ್ರಾಂ ಲೆಕ್ಕವೇ ಆಗಿರುತ್ತದೆ.

ಓದುವಾಗ ಇನ್ನೆರಡು ಹೆಸರು ಹುಡುಕಿ. ಒಂದು ವೋಗ್ಲಿಬೋಸ್ ಅಥವಾ ಅಕಾರ್ಬೋಸ್. ಇದು ಯಾಕೆ ಮುಖ್ಯ ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ. ಇನ್ನೊಂದು ಬಿಪಿ ಅಥವಾ ಹೃದಯಕ್ಕೆ ಕೊಡುವ ಮೆಟೊಪ್ರೊಲೊಲ್, ಅಟೆನೊಲೊಲ್, ಪ್ರೊಪ್ರನೊಲೊಲ್. ಶುಗರ್ ಇಳಿದಾಗ ಆಗುವ ಎದೆಬಡಿತ, ನಡುಕಗಳನ್ನು ಇವು ಮುಚ್ಚಿಬಿಡಬಹುದು. ಬೆವರು ಮಾತ್ರ ಬರುತ್ತದೆ. ಆದರೆ ವ್ಯಾಯಾಮ ಮಾಡಿದಾಗ ಹೇಗಿದ್ದರೂ ಬೆವರುತ್ತೀರಲ್ಲ! ಹಾಗಾಗಿ ಇವನ್ನು ತೆಗೆದುಕೊಳ್ಳುವವರು ಮೈ ಹೇಳಿದ್ದನ್ನು ನಂಬದೆ ಮೀಟರನ್ನೇ ನಂಬಬೇಕು.

ಹಂತ 2: ಯಾವ ವ್ಯಾಯಾಮ ಶುಗರ್ ಇಳಿಸುತ್ತದೆ, ಯಾವುದು ಏರಿಸುತ್ತದೆ

ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯುವುದಿಲ್ಲ. ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವ ಗ್ಲೂಟ್-4 ಅನ್ನೋ ಸಾಗಣೆದಾರ ಪ್ರೋಟೀನು ಸ್ನಾಯು ಬಿಗಿದು ಸಡಿಲವಾದಾಗ ತಾನಾಗಿ ಜೀವಕೋಶದ ಹೊರಪದರಕ್ಕೆ ಬರುತ್ತದೆ. ಟೈಪ್ 2 ಇರುವವರಿಗೆ ವ್ಯಾಯಾಮ ಇಷ್ಟು ಒಗ್ಗುವುದಕ್ಕೆ ಇದೇ ಕಾರಣ. ನಡಿಗೆ, ನಿಧಾನದ ಸೈಕಲ್, ಈಜು ಸಾಮಾನ್ಯವಾಗಿ ಶುಗರ್ ಇಳಿಸುತ್ತವೆ.

ಆದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಏದುಸಿರು ಬಿಡುತ್ತಾ ಹತ್ತಿ, ಮೇಲೆ ಹೋಗಿ ಚೆಕ್ ಮಾಡಿದರೆ 150 ಇದ್ದದ್ದು 190 ಆಗಿರಬಹುದು. ಭಾರ ಎತ್ತಿದಾಗ, ಜೋರಾಗಿ ಓಡಿದಾಗಲೂ ಹೀಗಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಗಾಬರಿ ಬೇಡ. ಒಂದೆರಡು ಗಂಟೆಯಲ್ಲಿ ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಈ ಏರಿಕೆ ನೋಡಿ ತಕ್ಷಣ ಪೂರ್ತಿ ಡೋಸ್ ಹಾಕಿಕೊಂಡರೆ ಮಧ್ಯಾಹ್ನಕ್ಕೆ ಜೋರಾಗಿ ಲೋ ಆಗಬಹುದು. ಯಾಕೆಂದರೆ ಖಾಲಿಯಾದ ಸ್ನಾಯು ಅಷ್ಟೊತ್ತಿಗೆ ಸಕ್ಕರೆ ಎಳೆದುಕೊಳ್ಳಲು ಶುರು ಮಾಡಿರುತ್ತದೆ.

ಆ ಎಳೆತ ಅರ್ಧ ಗಂಟೆಗೆ ಮುಗಿಯುವುದಿಲ್ಲ. ವ್ಯಾಯಾಮದ ನಂತರ ಮೈ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುವುದು ಒಂದು ದಿನ, ಕೆಲವೊಮ್ಮೆ ಎರಡು ಮೂರು ದಿನವೂ ಇರುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬೇಡಿ ಅಂತ ಹೇಳುವುದು ಇದಕ್ಕೇ.

ಹಂತ 3: ಕೈ ತೊಳೆದು ಚೆಕ್ ಮಾಡಿ

ಕೈ ತೊಳೆಯಿರಿ ಅಂದರೆ ಸುಮ್ನೆ ಶಾಸ್ತ್ರಕ್ಕೆ ಹೇಳಿದ್ದಲ್ಲ. ಬಾಳೆಹಣ್ಣು ಸುಲಿದ ಬೆರಳಿನಿಂದಲೇ ರಕ್ತ ತೆಗೆದರೆ, ಚರ್ಮಕ್ಕೆ ಅಂಟಿದ ಹಣ್ಣಿನ ಸಕ್ಕರೆ ಆ ಒಂದು ಹನಿಗೆ ಸೇರಿ ಮೀಟರ್ ಸಿಕ್ಕಾಪಟ್ಟೆ ಜಾಸ್ತಿ ತೋರಿಸುತ್ತದೆ. ನಿಜವಾಗಿ 75 ಇರುವವರಿಗೆ 180 ಕಂಡರೆ ಏನಾಗಬಹುದು ಯೋಚಿಸಿ. ಸ್ಯಾನಿಟೈಜರ್ ಇದನ್ನು ಪೂರ್ತಿ ತೆಗೆಯುವುದಿಲ್ಲ, ನೀರೇ ಬೇಕು. ತೊಳೆದು ಒರೆಸಿಕೊಳ್ಳಿ, ಒದ್ದೆ ಬೆರಳು ಹನಿಯನ್ನು ತೆಳು ಮಾಡುತ್ತದೆ.

ಮೀಟರಿಗೆ ಹಾಕುವ ಟೆಸ್ಟ್ ಸ್ಟ್ರಿಪ್ ದುಬಾರಿ, ದಿನಾ ಚೆಕ್ ಮಾಡಲು ಎಲ್ಲರಿಗೂ ಆಗುವುದಿಲ್ಲ. ವಾರದಲ್ಲಿ ಎರಡು ದಿನ ಆರಿಸಿಕೊಂಡು, ಆ ದಿನ ವ್ಯಾಯಾಮಕ್ಕೆ ಮುಂಚೆ, ಮುಗಿದ ತಕ್ಷಣ, ತಿಂಡಿ ತಿನ್ನಲು ಶುರು ಮಾಡಿ ಎರಡು ಗಂಟೆಗೆ ಹೀಗೆ ಮೂರು ಸಲ ನೋಡಿ. ದಿನಾ ಬೆಳಗ್ಗೆ ಒಂದೇ ಒಂದು ಸಲ ನೋಡುವುದಕ್ಕಿಂತ ಇದರಲ್ಲಿ ತಿಳಿಯುವುದು ಜಾಸ್ತಿ. ತೋಳಿಗೆ ಶುಗರ್ ನೋಡುವ ಸೆನ್ಸರ್ ಹಾಕಿಕೊಂಡವರು ಒಂದು ನೆನಪಿಡಿ: ಅದು ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತದೆ. ಶುಗರ್ ಬೇಗ ಇಳಿಯುತ್ತಿರುವಾಗ ಸೆನ್ಸರ್ 95 ಅಂದರೂ ತಲೆ ತಿರುಗುತ್ತಿದ್ದರೆ ಬೆರಳು ಚುಚ್ಚಿ ನೋಡಿ.

ಬಂದ ಸಂಖ್ಯೆಗೆ ಏನು ಮಾಡಬೇಕು? ಇವು ನಮ್ಮ ಮೀಟರ್ ತೋರಿಸುವ ಮಿಲಿಗ್ರಾಂ ಲೆಕ್ಕದವು. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು 18ರಿಂದ ಭಾಗಿಸಿಕೊಳ್ಳಿ, ಅಲ್ಲಿನ ಮಿಲಿಮೋಲ್ ಲೆಕ್ಕ ಸಿಗುತ್ತದೆ.

- ಶುರು ಮಾಡುವ ಮುಂಚೆಯೇ 90ಕ್ಕಿಂತ ಕಡಿಮೆ ಇದ್ದು, ಇನ್ಸುಲಿನ್ ಅಥವಾ ಹಂತ 1ರಲ್ಲಿ ಮೊದಲು ಹೇಳಿದ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, 15ರಿಂದ 30 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ತಿಂದು ಹೊರಡಿ. ಒಂದೆರಡು ಏಲಕ್ಕಿ ಬಾಳೆಹಣ್ಣು ಸಾಕು. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಲೋ ಸರಿಪಡಿಸಿಕೊಳ್ಳಿ.
- ಮುಗಿದ ಮೇಲೆ 70ಕ್ಕಿಂತ ಕಡಿಮೆ ಬಂದರೆ ಸೀದಾ ಹಂತ 4.
- 70ರಿಂದ 100ರ ಒಳಗೆ ಇದ್ದು ಅದೇ ಔಷಧಿಗಳಿದ್ದರೆ, ಸ್ನಾನ, ಪೂಜೆ, ಪೇಪರ್ ಎಲ್ಲ ಆಮೇಲೆ. ಮೊದಲು ತಿಂಡಿ.
- 100ರಿಂದ 180 ಇದ್ದರೆ ವಿಶೇಷ ಏನೂ ಬೇಡ. ನಿಮ್ಮ ಮಾಮೂಲಿ ತಿಂಡಿಯ ಹೊತ್ತಿಗೆ ತಿನ್ನಿ.
- 250 ದಾಟಿದ್ದರೆ ನೀರು ಕುಡಿದು ಕೂತು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಟೈಪ್ 1 ಇರುವವರು ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ರಕ್ತದಲ್ಲಿ ಸೇರುವ ಆಮ್ಲ) ನೋಡಲೇಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಆಸ್ಪತ್ರೆಗೆ ಹೋಗಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಶುಗರ್ ಅಷ್ಟೇನೂ ಏರದಿದ್ದರೂ ಕೀಟೋನ್ ತೊಂದರೆ ಆಗಬಹುದು. ಅವರು ಉಪವಾಸ ಮಾಡಿಕೊಂಡು ಗಂಟೆಗಟ್ಟಲೆ ವ್ಯಾಯಾಮ ಮಾಡುವುದು ಬೇಡ.

ಹಂತ 4: ಲೋ ಆದರೆ

15 ಗ್ರಾಂ ಬೇಗ ಕರಗುವ ಸಕ್ಕರೆ, 15 ನಿಮಿಷ ಕಾಯುವುದು, ಮತ್ತೆ ಚೆಕ್. ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ.

15 ಗ್ರಾಂ ಅಂದರೆ ಮೂರು ದೊಡ್ಡ ಚಮಚ ತುಂಬ ಅಲ್ಲ. ಟೀ ಚಮಚದಲ್ಲಿ ಮೂರು ನಾಲ್ಕು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅರ್ಧ ಲೋಟ ನೀರಿನಲ್ಲಿ ಕಲಸಿ. ಡಯಟ್ ಅಲ್ಲದ ಕೂಲ್ ಡ್ರಿಂಕ್ ಆದರೆ ಸುಮಾರು 150 ಮಿಲಿ. ಚಾಕೊಲೇಟ್, ಬಿಸ್ಕತ್ತು, ಹಾಲು ಈ ಹೊತ್ತಿಗೆ ಸಲ್ಲ. ಅವುಗಳ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಅಡುಗೆ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನೇ ಈ ಔಷಧಿ ತಡೆದಿರುತ್ತದೆ. ಇವರಿಗೆ ಶುದ್ಧ ಗ್ಲೂಕೋಸ್ ಪುಡಿಯೇ ಆಗಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಪುಡಿಯನ್ನು ಮೂರು ನಾಲ್ಕು ಚಮಚದಂತೆ ಸಣ್ಣ ಜಿಪ್ ಕವರಿಗೆ ಹಾಕಿ ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ಇಡಿ. ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಬೇಕಾದಾಗ ಅಲ್ಲಿಯವರೆಗೂ ನಡೆಯಬೇಕಲ್ಲ.

ಸರಿಯಾದ ಮೇಲೆ ಮುಂದಿನ ಊಟಕ್ಕೆ ಒಂದು ಗಂಟೆಗಿಂತ ಜಾಸ್ತಿ ಇದ್ದರೆ ಒಂದು ಇಡ್ಲಿ ಸಾಂಬಾರ್, ಇಲ್ಲವೇ ಒಂದು ಚಪಾತಿ ಪಲ್ಯ ತಿನ್ನಿ. ಇಲ್ಲದಿದ್ದರೆ ಮತ್ತೆ ಇಳಿಯಬಹುದು. ಗ್ಲಿಮೆಪಿರೈಡ್‌ನಿಂದ ಆದ ಲೋ ಗಂಟೆಗಟ್ಟಲೆ ಮರುಕಳಿಸಬಹುದು, ಆ ದಿನ ಇನ್ನೊಂದಿಷ್ಟು ಸಲ ಚೆಕ್ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಹಂತ 5: ಕುಡಿಯುವುದು

ಒಂದು ಗಂಟೆಯೊಳಗಿನ ವಾಕಿಂಗಿಗೆ ನೀರು ಸಾಕು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬೆವರಿ ನೀರಾದವರಿಗೆ ನೀರು ಮಜ್ಜಿಗೆಗೆ ಚಿಟಿಕೆ ಉಪ್ಪು, ಶುಂಠಿ, ಕರಿಬೇವು ಹಾಕಿ ಕೊಡಿ. ಬಿಪಿ ಇರುವವರು ಉಪ್ಪು ಬಿಡಿ.

ಎಳನೀರಿನಲ್ಲೂ ಸಕ್ಕರೆ ಇದೆ. ಒಂದು ಕಾಯಿಯಲ್ಲಿ ಸುಮಾರು ಹತ್ತು ಗ್ರಾಂ ಆಸುಪಾಸು. ವಾಕಿಂಗ್ ಆದ ಮೇಲೆ ಒಂದು ಕುಡಿದರೆ ಏನೂ ಆಗುವುದಿಲ್ಲ, ಗಂಜಿ ಬೇಡ. ಕಿಡ್ನಿ ತೊಂದರೆ ಇದ್ದವರು ಮಾತ್ರ ಅದರ ಪೊಟ್ಯಾಶಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಕುಡಿಯಬಾರದು. ಕಬ್ಬಿನ ಹಾಲು ಬೇಡವೇ ಬೇಡ. ಸ್ಪೋರ್ಟ್ಸ್ ಡ್ರಿಂಕ್‌ನ ಅರ್ಧ ಲೀಟರಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಅದು ಎರಡು ಗಂಟೆ ಓಡುವವರಿಗೆ ಮಾಡಿದ್ದು. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳನ್ನು ಒಆರ್‌ಎಸ್ ಅಂದುಕೊಂಡು ಕುಡಿಯುವವರು ಇನ್ನೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ನಿಜವಾದ ಒಆರ್‌ಎಸ್‌ನಲ್ಲಿ ಲೀಟರಿಗೆ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ.

ಇನ್ನು ಹಾಗಲಕಾಯಿ ಜ್ಯೂಸ್. ಕುಡಿಯಲು ಇಷ್ಟ ಇದ್ದರೆ ಕುಡಿಯಿರಿ. ಅದು ಮಾತ್ರೆಯ ಬದಲಿ ಅಲ್ಲ, ಆಮೇಲಿನ ದೋಸೆಗೆ ಪರಿಹಾರವಂತೂ ಅಲ್ಲವೇ ಅಲ್ಲ.

ಹಂತ 6: ತಟ್ಟೆ

ಜಿಮ್‌ಗೆ ಹೋಗುವವರ ನಡುವೆ ಒಂದು ನಂಬಿಕೆ ಇದೆ: ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಹೋಗದಿದ್ದರೆ ಎಲ್ಲಾ ವ್ಯರ್ಥ. ಅಷ್ಟು ಅವಸರ ಇಲ್ಲ. ಸ್ನಾಯು ಪ್ರೋಟೀನನ್ನು ಚೆನ್ನಾಗಿ ಬಳಸಿಕೊಳ್ಳುವ ಅವಧಿ ಗಂಟೆಗಳ ಲೆಕ್ಕದ್ದು. ಇಡೀ ದಿನದಲ್ಲಿ ಎಷ್ಟು ಹೋಯಿತು ಅನ್ನೋದೇ ಮುಖ್ಯ. ಒಂದು ಗಂಟೆ, ಒಂದೂವರೆ ಗಂಟೆಯೊಳಗೆ ಮಾಮೂಲಿ ತಿಂಡಿ ತಿಂದರೆ ಆಯಿತು.

ನಮ್ಮ ತಿಂಡಿಯಲ್ಲಿ ಕೊರತೆ ಇರುವುದೇ ಪ್ರೋಟೀನಿನದು. ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಶಾವಿಗೆ, ಎಲ್ಲ ಹೆಚ್ಚೂ ಕಡಿಮೆ ಕಾರ್ಬ್. ಭಾರ ಎತ್ತುವ ವ್ಯಾಯಾಮ ಮಾಡಿದ ದಿನ ಒಂದು ಹೊತ್ತಿಗೆ 20 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಸುಲಭ: ಎರಡು ಮೊಟ್ಟೆಗೆ 12 ಗ್ರಾಂ, ಒಂದು ಬಟ್ಟಲು ಮೊಸರಿಗೆ ಆರು, ಎರಡು ಇಡ್ಲಿ ಸಾಂಬಾರಿಗೆ ಮೂರು ನಾಲ್ಕು. ಸಸ್ಯಾಹಾರಿಗಳು ಸ್ವಲ್ಪ ಲೆಕ್ಕ ಹಾಕಬೇಕು. ರಾತ್ರಿ ಒಂದು ಹಿಡಿ, ಅಂದರೆ 30 ಗ್ರಾಂ ಹೆಸರುಕಾಳು ನೆನೆಸಿ ಮೊಳಕೆ ಬರಿಸಿದರೆ ಏಳು ಗ್ರಾಂ ಪ್ರೋಟೀನ್. ಅಷ್ಟೇ ತೂಕದ ಕಡಲೆಕಾಯಿ ಬೀಜಕ್ಕೂ ಏಳು. ಒಂದು ಲೋಟ ಹಾಲಿಗೆ ಆರು. ಸೇರಿದರೆ ಇಪ್ಪತ್ತು ಆಗೇ ಬಿಟ್ಟಿತು. ಪನೀರ್ ಆದರೆ 100 ಗ್ರಾಮಿಗೆ ಸುಮಾರು 18. ಹುರುಳಿಕಾಳಿನಲ್ಲೂ 100 ಗ್ರಾಮಿಗೆ 22ರ ಹತ್ತಿರ ಇದೆ. ಆದರೆ ಹುರುಳಿ ಸಾರು ಮಾಡುವಾಗ ಕಟ್ಟು ಬಸಿದು ಕಾಳು ಬೇರೆ ಇಡುತ್ತೀರಲ್ಲ, ಪ್ರೋಟೀನಿನ ಬಹುಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ಬರೀ ಸಾರು ಉಂಡರೆ ಸಾಲದು, ಉಸ್ಲಿಯನ್ನೂ ತಿನ್ನಿ.

ಪ್ರೋಟೀನ್ ಪೌಡರ್ ವಿಷ ಅಲ್ಲ, ಅಮೃತವೂ ಅಲ್ಲ. ಡಬ್ಬಿಯ ಹಿಂದೆ ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇದ್ದರೆ ವಾಪಸ್ ಇಡಿ, ಅದು ಗ್ಲೂಕೋಸಿನಷ್ಟೇ ಬೇಗ ಶುಗರ್ ಏರಿಸುತ್ತದೆ. ತೂಕ ಹೆಚ್ಚಿಸಲು ಮಾರುವ ಮಾಸ್ ಗೇನರ್ ಪುಡಿಗಳಲ್ಲಿ ತುಂಬಿರುವುದು ಹೆಚ್ಚಾಗಿ ಅದೇ. ಕಿಡ್ನಿ ತೊಂದರೆ ಇರುವವರು ಪೌಡರೂ ಬೇಡ, 20 ಗ್ರಾಮಿನ ಈ ಲೆಕ್ಕವೂ ಬೇಡ. ಎಷ್ಟು ಪ್ರೋಟೀನ್ ಅಂತ ಡಾಕ್ಟರ್ ಹೇಳಬೇಕು.

ಕಾರ್ಬ್ ಪೂರ್ತಿ ಬಿಡಬೇಕಾ? ಬೇಡ. ಸ್ನಾಯುವಿನಲ್ಲಿ ಖಾಲಿಯಾದ ಗ್ಲೈಕೋಜನ್, ಅಂದರೆ ಅದು ಕೂಡಿಟ್ಟುಕೊಳ್ಳುವ ಗ್ಲೂಕೋಸ್, ತುಂಬಿಕೊಳ್ಳಲು ಕಾರ್ಬ್ ಬೇಕು. ವ್ಯಾಯಾಮದ ನಂತರ ತಿಂದ ಕಾರ್ಬಿನಲ್ಲಿ ಒಂದು ಭಾಗ ಅಲ್ಲಿಗೇ ಹೋಗುತ್ತದೆ. ಪ್ರಮಾಣ ಮಾತ್ರ ನೋಡಿಕೊಳ್ಳಿ. 65 ಕೆಜಿ ತೂಕದವರು 40 ನಿಮಿಷ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ಹೋಟೆಲಿನ ಒಂದು ಮಸಾಲೆ ದೋಸೆ ಅದರ ಎರಡರಷ್ಟನ್ನು ಆರಾಮಾಗಿ ದಾಟುತ್ತದೆ, ಮೇಲೆ ಸಕ್ಕರೆ ಹಾಕಿದ ಕಾಫಿ ಬೇರೆ.

ರಾಗಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಾಗಿ ಶುಗರ್‌ಗೆ ಒಳ್ಳೇದು ಅಂತ ಎರಡು ಮುದ್ದೆ ನುಂಗುವವರಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಆಸುಪಾಸು ಕಾರ್ಬ್ ಇದೆ, ಅಕ್ಕಿಗಿಂತ ಭಾರಿ ಕಡಿಮೆ ಏನಲ್ಲ. ನಾರು, ಕ್ಯಾಲ್ಸಿಯಂ ಜಾಸ್ತಿ ಅನ್ನೋದು ನಿಜ. ಚಿಕ್ಕದೊಂದು ಮುದ್ದೆ, ಜೊತೆಗೆ ಕಾಳಿನ ಸಾರು, ಸೊಪ್ಪು ಇದ್ದರೆ ಅದು ಬಹಳ ಒಳ್ಳೇ ಊಟ. ನುಣ್ಣಗೆ ಬೀಸಿದ ರಾಗಿ ಮಾಲ್ಟಿಗೆ ಬೆಲ್ಲ ಹಾಕಿ ಕುಡಿದರೆ ಕತೆ ಬೇರೆ.

ತಿನ್ನುವ ಕ್ರಮ ಬದಲಾಯಿಸಿದರೂ ಲಾಭ ಇದೆ. ತರಕಾರಿ, ಕಾಳು, ಮೊಟ್ಟೆ ಮೊದಲು ತಿಂದು, ಇಡ್ಲಿ ಅನ್ನ ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಮದುವೆ ಊಟದ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರಲ್ವಾ? ಅನ್ನ ಬರುವವರೆಗೆ ಅವನ್ನು ಮುಗಿಸಿಬಿಡಿ.

ಹಂತ 7: ತಿಂದ ಮೇಲೆ ಹತ್ತು ನಿಮಿಷ

ಬೆಳಗ್ಗೆ ಒಂದು ಗಂಟೆ ನಡೆದು ಉಳಿದ ದಿನ ಕುರ್ಚಿಗೆ ಅಂಟಿಕೊಳ್ಳುವವರು ಬಹಳ. ಊಟವಾದ ಅರ್ಧ ಗಂಟೆಯೊಳಗೆ ಹತ್ತು ಹದಿನೈದು ನಿಮಿಷ ಮನೆ ಮುಂದೆ ಅಡ್ಡಾಡಿದರೂ ಶುಗರ್ ಏರಿಕೆ ತಗ್ಗುತ್ತದೆ, ಅದರಲ್ಲೂ ರಾತ್ರಿ ಊಟದ ನಂತರ. ಬೆವರಬೇಕಾಗಿಲ್ಲ.

ಹಂತ 8: ಸಂಜೆ ಆಡಿದವರ ರಾತ್ರಿ

ಇನ್ಸುಲಿನ್ ತೆಗೆದುಕೊಳ್ಳುವವರು ಈ ಹಂತವನ್ನು ಎರಡು ಸಲ ಓದಿ. ಸಂಜೆ ಆರೂವರೆಗೆ ಶಟ್ಲ್ ಕೋರ್ಟಿಗೆ ಇಳಿಯುವ ಒಬ್ಬರನ್ನು ಊಹಿಸಿಕೊಳ್ಳಿ. ಶುರುವಿಗೆ 150. ಎಂಟಕ್ಕೆ ಆಟ ಮುಗಿದಾಗ 165, ಆಟದ ಜೋಶಿಗೆ ಸ್ವಲ್ಪ ಏರಿದೆ. "ಪರವಾಗಿಲ್ಲ, ಜಾಸ್ತಿನೇ ಇದೆ" ಅಂತ ರಾತ್ರಿ ಎರಡು ಚಪಾತಿ ತಿಂದು, ಮಾಮೂಲಿ ಡೋಸ್ ಹಾಕಿಕೊಂಡು ಮಲಗುತ್ತಾರೆ. ಸ್ನಾಯು ಮಾತ್ರ ತನ್ನ ಗ್ಲೈಕೋಜನ್ ತುಂಬಿಕೊಳ್ಳುತ್ತಲೇ ಇರುತ್ತದೆ. ಬೆಳಗಿನ ಜಾವ ಮೂರಕ್ಕೆ 58. ವ್ಯಾಯಾಮ ಮುಗಿದು ಆರೇಳು ಗಂಟೆ ಕಳೆದ ಮೇಲೆ, ನಿದ್ದೆಯಲ್ಲಿರುವಾಗ ಹೀಗಾಗುವುದು ಸಾಮಾನ್ಯ. ಇಪ್ಪತ್ನಾಲ್ಕು ಗಂಟೆಯವರೆಗೂ ಆಗಬಹುದು. ಬೆಳಗ್ಗೆ ಎದ್ದಾಗ ದಿಂಬು, ಬನಿಯನ್ ಒದ್ದೆ, ತಲೆನೋವು, ಕೆಟ್ಟ ಕನಸಿನ ನೆನಪು ಇದ್ದರೆ ಅನುಮಾನ ಪಡಿ.

ಆಡಿದ ದಿನ ಮಲಗುವ ಮುಂಚೆ ಚೆಕ್ ಮಾಡಿ. 120ಕ್ಕಿಂತ ಕಡಿಮೆ ಇದ್ದರೆ ಒಂದು ಲೋಟ ಸಕ್ಕರೆ ಇಲ್ಲದ ಹಾಲು, ಒಂದು ಚಪಾತಿ ಅಥವಾ ಒಂದು ಹಣ್ಣು ತಿನ್ನಿ. ಮೊದಮೊದಲ ಕೆಲವು ಸಲ ರಾತ್ರಿ ಎರಡು ಮೂರರ ಹೊತ್ತಿಗೆ ಅಲಾರಂ ಇಟ್ಟು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಆಟದ ದಿನಗಳಿಗೆ ರಾತ್ರಿ ಡೋಸ್ ಬೇರೆ ಇರಬೇಕಾ ಅಂತ ಡಾಕ್ಟರನ್ನು ಕೇಳಿ. ಆಡುವ ಮುಂಚೆ ತೊಡೆಗೆ ಇನ್ಸುಲಿನ್ ಚುಚ್ಚಬೇಡಿ, ಓಡಾಡುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆ ವಾಸಿ.

ಆಟ ಮುಗಿಸಿ ಬಿಯರ್‌ಗೆ ಹೋಗುವ ಗುಂಪುಗಳಿವೆ. ಆಲ್ಕೋಹಾಲ್ ಇಳಿಸುವ ಕೆಲಸದಲ್ಲಿರುವ ಲಿವರ್ ಹೊಸದಾಗಿ ಗ್ಲೂಕೋಸ್ ಮಾಡುವುದನ್ನು ತಗ್ಗಿಸುತ್ತದೆ. ಅತ್ತ ಸ್ನಾಯು ಎಳೆಯುತ್ತಿದೆ, ಇತ್ತ ಲಿವರ್ ಕೊಡುತ್ತಿಲ್ಲ. ಮೇಲಾಗಿ ಲೋ ಆಗಿ ತೊದಲುತ್ತಿರುವವರನ್ನು ನೋಡಿ ಜನ ಕುಡಿದಿದ್ದಾರೆ ಅಂದುಕೊಂಡು ಸುಮ್ಮನಾಗುತ್ತಾರೆ. ಆಡಿದ ದಿನ ಬಿಡುವುದೇ ಕ್ಷೇಮ.

ಹಂತ 9: ಬರೆದಿಟ್ಟು ಡಾಕ್ಟರಿಗೆ ತೋರಿಸಿ

ಸಂಖ್ಯೆಗಳ ಜೊತೆ ಎರಡು ಪದ ಬರೆಯಿರಿ: ಏನು ಆಡಿದಿರಿ, ಏನು ತಿಂದಿರಿ. ಮೂರು ನಾಲ್ಕು ವಾರದಲ್ಲಿ ನಿಮ್ಮ ಮೈಯ ಅಭ್ಯಾಸ ಕಾಣತೊಡಗುತ್ತದೆ. ಯಾರಿಗೋ ಇಡ್ಲಿ ಒಗ್ಗುತ್ತದೆ, ಅವಲಕ್ಕಿ ಒಗ್ಗುವುದಿಲ್ಲ. ಪಕ್ಕದ ಮನೆಯವರಿಗೆ ಅದೇ ಉಲ್ಟಾ ಇರಬಹುದು.

ಪುಸ್ತಕದಲ್ಲಿ ಒಂದನ್ನು ಮಾತ್ರ ತಪ್ಪದೆ ಗಮನಿಸಿ. ಲೋ ಆಗದಿರಲಿ ಅಂತಲೇ ವಾರದಲ್ಲಿ ಎರಡು ಮೂರು ಸಲ ಹೆಚ್ಚುವರಿ ತಿಂಡಿ ತಿನ್ನಬೇಕಾಗಿ ಬರುತ್ತಿದ್ದರೆ, ನಿಮ್ಮ ತಿಂಡಿ ಕಡಿಮೆಯಾಗಿದೆ ಅಂತ ಅರ್ಥ ಅಲ್ಲ. ನಿಯಮಿತ ವ್ಯಾಯಾಮ ಶುರು ಮಾಡುವ ಮುಂಚೆ ಬರೆದುಕೊಟ್ಟ ಡೋಸ್ ಈಗಿನ ಮೈಗೆ ಜಾಸ್ತಿಯಾಗಿರಬಹುದು. ಮುಂದಿನ ಅಪಾಯಿಂಟ್‌ಮೆಂಟ್ ಇನ್ನೂ ಎರಡು ತಿಂಗಳು ದೂರ ಇದ್ದರೆ ಅಲ್ಲಿಯವರೆಗೆ ಕಾಯಬೇಡಿ, ಆ ಪುಟದ ಫೋಟೋ ತೆಗೆದು ಈ ವಾರವೇ ಕ್ಲಿನಿಕ್ಕಿಗೆ ಕಳಿಸಿ.